ಟಿಪ್ಪಣಿಗೆ ತಳ್ಳಿದ ಕೊನೆಯ ಅಂಕ

ವಿಮಾನಯಾನದ ಸಂಭಾಷಣೆ ಎಂದ ಕೂಡಲೇ ಎಲ್ಲರೂ 1977ರ ಟೆನೆರಿಫೆಗೆ ಓಡುತ್ತಾರೆ. 583 ಜನ ಸತ್ತ ಆ ದುರಂತದ ನಂತರ ಪೈಲಟ್ ಮತ್ತು ಕಂಟ್ರೋಲ್ ಟವರ್ ನಡುವಿನ ರೇಡಿಯೋ ಮಾತಿಗೆ ಭಾಷ್ಯಕಾರರ ಕೊರತೆಯಾಗಿಲ್ಲ. ಅದೇ ಪೈಲಟ್ ಹೊರಡುವ ಮೊದಲು, ಮೂಗಿನ ಚಕ್ರದ ಬಳಿ ಹೆಡ್‌ಸೆಟ್ ಸಿಕ್ಕಿಸಿಕೊಂಡು ನಿಂತವರೊಡನೆ ಆಡುವ ಮಾತನ್ನು ಈ ಪಂಡಿತರು ಮುಟ್ಟುವುದು ಅಪರೂಪ. ಟಗ್ ವಾಹನ ವಿಮಾನವನ್ನು ಹಿಂದಕ್ಕೆ ತಳ್ಳುವ ಹೊತ್ತಿನ ಆ ಪುಷ್‌ಬ್ಯಾಕ್ ಸಂಭಾಷಣೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಕಾವೊದ ನಿಯಮಗ್ರಂಥ ಡಾಕ್ 4444ರ 12ನೇ ಅಧ್ಯಾಯದಲ್ಲಿದೆ. ಇಡೀ ಅಧ್ಯಾಯದಲ್ಲಿ ಅಷ್ಟು ಬಿಗಿಯಾದ ಬರವಣಿಗೆ ನನಗೆ ಬೇರೆ ಕಂಡಿಲ್ಲ. ಕೊನೆಯ ಸಾಲಿನ ತನಕ ಮಾತ್ರ.

ಇಲ್ಲಿ ಕೇಳುವವರು ನೆಲದ ಸಿಬ್ಬಂದಿ, ಉತ್ತರ ಕೊಡುವವರು ಕ್ಯಾಪ್ಟನ್. ತಯಾರಿದ್ದೀರಾ? ತಯಾರು. ಬ್ರೇಕ್ ಬಿಟ್ಟಿದ್ದು ಖಚಿತಪಡಿಸಿ. ಬಿಟ್ಟಿದೆ. ಸಂಬಳ, ಟೋಪಿ, ಭುಜದ ಪಟ್ಟಿಗಳ ಶ್ರೇಣಿ ಕೆಲವು ನಿಮಿಷ ತಲೆಕೆಳಗಾಗುತ್ತದೆ. ಕಾಕ್‌ಪಿಟ್‌ನಲ್ಲಿ ಕೂತವರಿಗೆ ಬಾಲದ ಹಿಂದಿನದೂ ಕಾಣದು, ಮೂಗಿನ ಕೆಳಗಿನದೂ ಕಾಣದು. ಟಗ್ ತಳ್ಳಿದತ್ತ ಹೋಗಬೇಕು. ಹೀಗಾಗಿ ಅವರಿಗೆ ಉಳಿಯುವ ಆಜ್ಞೆಗಳು ಎರಡೇ: ನಿಲ್ಲಿಸಿ, ಕೊಂಡಿ ಬಿಡಿಸಿ.

ಪಠ್ಯ ಸಡಿಲಾಗುವುದು ಈ ಎರಡನೆಯ ಆಜ್ಞೆಯ ಬೆನ್ನಿಗೆ. ಬಿಡಿಸುತ್ತಿದ್ದೇವೆ, ಎಡಕ್ಕೋ ಬಲಕ್ಕೋ ಸನ್ನೆಗೆ ಕಾದಿರಿ ಎಂದು ಹೇಳಿ ನೆಲದವರು ಹೆಡ್‌ಸೆಟ್ಟಿನ ತಂತಿ ಕಿತ್ತುಕೊಳ್ಳುತ್ತಾರೆ. ಸಾಲುಗಳು ಅಲ್ಲಿಗೆ ಮುಗಿದವು. ಕೊಂಡಿ ಬಿಟ್ಟಾಯಿತು, ದಾರಿ ತೆರವಾಗಿದೆ ಎಂದು ತಿಳಿಸುವ ಸನ್ನೆ ಕೆಳಗೊಂದು ಟಿಪ್ಪಣಿಯಾಗಿ ಕೂತಿದೆ. ಹೆಚ್ಚಿನ ಕಡೆ ಆಗ ಎಂಜಿನ್ ಓಡುತ್ತಿರುತ್ತದೆ, ಮಾತಿನ ಎಳೆ ಹರಿದಿದೆ, ಮನುಷ್ಯ ಇನ್ನೂ ವಿಮಾನದ ಬುಡದಲ್ಲೇ ಇದ್ದಾನೆ, ಮೇಲೆ ಕೂತವರ ತಲೆ ಚೆಕ್‌ಲಿಸ್ಟಿನತ್ತ ಬಾಗಿದೆ. ಕೇಳಿದ್ದಕ್ಕೆಲ್ಲ ಉತ್ತರ ಹೆಣೆದ ಬರಹ ಈ ಒಂದು ಸನ್ನೆಗೆ ಪೈಲಟ್‌ನ ಮರುಸನ್ನೆಯನ್ನು ಹೆಣೆಯದೆ ಬಿಟ್ಟಿದೆ. ‘ಎಡಕ್ಕೋ ಬಲಕ್ಕೋ’ ಎಂಬುದನ್ನೂ ಸುಮ್ಮನೆ ಬಿಡುವಂತಿಲ್ಲ. ಕ್ಯಾಪ್ಟನ್ ಕೂರುವುದು ಎಡಗಡೆ. ಸನ್ನೆ ಬಲಕ್ಕೆ ಬಂದರೆ ಅವರು ಸಹಪೈಲಟ್ ಕಂಡದ್ದನ್ನು ನಂಬಿ ಹೊರಡಬೇಕು.

ತಳ್ಳುವಾಗ ಮೂಗಿನ ಚಕ್ರದ ಸ್ಟೀರಿಂಗನ್ನು ತಡೆಹಿಡಿಯುವ ಬೈಪಾಸ್ ಪಿನ್ನನ್ನು ಅದರ ಕೆಂಪು ಪಟ್ಟಿ ಸಮೇತ ಎತ್ತಿ ತೋರಿಸುತ್ತಾರಲ್ಲ, ಕೈಸನ್ನೆಗಳೆಲ್ಲ ಐಕಾವೊದ್ದೇ ಅನೆಕ್ಸ್ 2ರಲ್ಲಿವೆಯಲ್ಲ ಎಂದು ವಾದಿಸುವವರಿದ್ದಾರೆ. ಇರಲಿ. ನಾಟಕದ ಕೊನೆಯ ಅಂಕವನ್ನು ಬೇರೆ ಪುಸ್ತಕದಲ್ಲಿ ಅಚ್ಚು ಹಾಕಿದ್ದೇವೆ ಎಂದರೆ ನಾಟಕಕಾರನನ್ನು ಹೊಗಳಲು ಆಗುವುದಿಲ್ಲ.

2015ರ ಡಿಸೆಂಬರ್ 16ರಂದು ಮುಂಬೈಯಲ್ಲಿ, ಏರ್ ಇಂಡಿಯಾದ ಹೈದರಾಬಾದ್ ವಿಮಾನದ ಪುಷ್‌ಬ್ಯಾಕ್ ಹೊತ್ತಿನಲ್ಲಿ, ತಂತ್ರಜ್ಞರೊಬ್ಬರು ಎಂಜಿನ್ನಿನ ಸೆಳೆತಕ್ಕೆ ಸಿಕ್ಕಿ ಸತ್ತರು. ಸಹಪೈಲಟ್ ಸನ್ನೆಯನ್ನು ತಪ್ಪಾಗಿ ತಿಳಿದರೆಂದು ಆಗ ಸುದ್ದಿಯಾಯಿತು. ‘ಮಾನವ ದೋಷ’ ಎಂದು ಷರಾ ಬರೆದು ಎದ್ದು ಹೋಗುವ ವಿಮರ್ಶಕರಿಗೆ ಅಷ್ಟೇ ಸಾಕು. ತಪ್ಪಾಗಿ ತಿಳಿಯಲು ಎಡೆಯಿರುವ ಸನ್ನೆಯೊಂದು ಮರುಸನ್ನೆಯಿಲ್ಲದೆ ಯಾಕಿದೆ ಎಂದು ಅವರು ಕೇಳುವುದಿಲ್ಲ.

ಇನ್ನೊಂದು ಗುಂಪು ತಂತಿರಹಿತ ಹೆಡ್‌ಸೆಟ್ಟಿನ ಭಜನೆಯಲ್ಲಿದೆ. ಅದರಿಂದ ಟಗ್ ಚಾಲಕರೂ ಮಾತಿಗೆ ಸೇರಬಹುದು, ಒಪ್ಪಿದೆ. ಆದರೆ ತಂತಿ ಇದ್ದಾಗ ಆ ಮನುಷ್ಯ ಮೂಗಿನಿಂದ ತಂತಿಯುದ್ದದೊಳಗೆ ಇದ್ದಾನೆಂಬುದಾದರೂ ಗೊತ್ತಿರುತ್ತಿತ್ತು. ಈಗ ಕಿವಿಯಲ್ಲಿ ದನಿ ಸ್ಪಷ್ಟ, ನಿಂತ ಜಾಗ ಅಸ್ಪಷ್ಟ. ಅದರ ಬದಲು ಸನ್ನೆಯ ಆ ಟಿಪ್ಪಣಿಯನ್ನು ಮೇಲೆತ್ತಿ ಸಾಲಾಗಿಸಿ, ಅದರಡಿ ಪೈಲಟ್‌ನ ಉತ್ತರಕ್ಕೆ ಮತ್ತೊಂದು ಸಾಲು ಸೇರಿಸುವುದಕ್ಕೆ ಯಾವ ಉಪಕರಣವೂ ಬೇಕಿಲ್ಲ.