ಐಜರ್‌ಮನ್ ಮಾಡದ ತ್ಯಾಗ

ಐಸ್ ಹಾಕಿಯಲ್ಲಿ ನಾಯಕತ್ವದ ಮಾತು ಬಂದರೆ ಸ್ಟೀವ್ ಐಜರ್‌ಮನ್ ಹೆಸರು ಬಂದೇ ಬರುತ್ತದೆ, ಹೆಸರಿನ ಬೆನ್ನಿಗೇ ಒಂದು ಕಥೆಯೂ ಬರುತ್ತದೆ. ಡೆಟ್ರಾಯಿಟ್ ರೆಡ್ ವಿಂಗ್ಸ್‌ನ ಈ ನಾಯಕ ಮೊದಲು ಗೋಲು ಹೊಡೆಯುವುದರಲ್ಲೇ ಮುಳುಗಿದ್ದರಂತೆ. 1993ರಲ್ಲಿ ಕೋಚ್ ಆಗಿ ಬಂದ ಸ್ಕಾಟಿ ಬೋಮನ್ ಈ ನಾಯಕನನ್ನು ತಿದ್ದಿ ರಕ್ಷಣೆಯ ಆಟಕ್ಕೆ ಹಚ್ಚಿದರಂತೆ. ಐಜರ್‌ಮನ್ ತಮ್ಮ ಅಂಕಗಳನ್ನು ತಂಡಕ್ಕಾಗಿ ತ್ಯಾಗ ಮಾಡಿದ್ದರಿಂದಲೇ 1997, 1998 ಮತ್ತು 2002ರಲ್ಲಿ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್‌ಗಳು ಬಂದವಂತೆ. ಕೇಳಿ ಕೇಳಿ ಎಷ್ಟು ಪರಿಚಿತವಾಗಿದೆಯೆಂದರೆ ಈ ಕಥೆಯನ್ನು ಈಗ ಯಾರೂ ಒರೆಗೆ ಹಚ್ಚುವುದಿಲ್ಲ. ಐಜರ್‌ಮನ್ ಆಟವೆಂದರೆ ನನಗೆ ಅಪಾರ ಪ್ರೀತಿ. ಆ ಪ್ರೀತಿಯ ಕಾರಣಕ್ಕೇ ಈ ಕಥೆಯೊಂದಿಗೆ ನನ್ನ ಜಗಳ. ಗೆಲುವಿನ ಕಾರಣವನ್ನು ಅದು ತಪ್ಪು ಜಾಗದಲ್ಲಿ ಹುಡುಕುತ್ತದೆ. ಹಾಗೆ ಹುಡುಕುತ್ತ, ಮೊದಲ ಏಳು ವರ್ಷ ಆ ತಂಡವನ್ನು ಹೊತ್ತ ನಾಯಕನನ್ನು ತಪ್ಪಿತಸ್ಥನಾಗಿ ನಿಲ್ಲಿಸುತ್ತದೆ.

ಮೊದಲು ಅಂಕಗಳ ಲೆಕ್ಕ ನೋಡೋಣ. 1988-89ರಲ್ಲಿ ಐಜರ್‌ಮನ್ 65 ಗೋಲು ಹೊಡೆದು, 90 ಗೋಲುಗಳಿಗೆ ನೆರವಾಗಿ 155 ಅಂಕ ಗಳಿಸಿದರು. ಆ ವರ್ಷ ಅವರಿಗಿಂತ ಮುಂದಿದ್ದವರು 199 ಅಂಕಗಳ ಮಾರಿಯೊ ಲೆಮ್ಯೂ ಮತ್ತು 168 ಅಂಕಗಳ ವೇಯ್ನ್ ಗ್ರೆಟ್ಸ್ಕಿ ಮಾತ್ರ. 1997-98ಕ್ಕೆ ಬಂದರೆ ಐಜರ್‌ಮನ್ ಅಂಕ 69. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನೇ ತ್ಯಾಗದ ಅಳತೆ ಎಂದು ತೋರಿಸುತ್ತಾರೆ. ಆದರೆ ಈ ಅವಧಿಯಲ್ಲಿ ಇಡೀ ಎನ್‌ಎಚ್‌ಎಲ್‌ನಲ್ಲೇ ಗೋಲುಗಳು ಬತ್ತಿದ್ದವು. ಒಂದು ತಂಡ ಒಂದು ಪಂದ್ಯದಲ್ಲಿ ಹೊಡೆಯುವ ಗೋಲುಗಳ ಸರಾಸರಿ ಸುಮಾರು 3.7ರಿಂದ 2.6ಕ್ಕೆ ಇಳಿದಿತ್ತು. ಗೋಲ್‌ಕೀಪರ್‌ಗಳ ಪ್ಯಾಡುಗಳು ದೊಡ್ಡದಾಗಿದ್ದವು. ನಡು ಮೈದಾನದಲ್ಲೇ ಎದುರಾಳಿಯ ದಾರಿ ಕಟ್ಟುವ ತಂತ್ರ 1995ರಲ್ಲಿ ನ್ಯೂಜೆರ್ಸಿ ಡೆವಿಲ್ಸ್‌ಗೆ ಕಪ್ ತಂದುಕೊಟ್ಟ ಮೇಲೆ ಬೇರೆ ತಂಡಗಳೂ ಅದನ್ನು ಹಿಡಿದವು. 1997-98ರಲ್ಲಿ ಇಡೀ ಲೀಗ್‌ನಲ್ಲಿ ನೂರು ಅಂಕ ದಾಟಿದ್ದು ಒಬ್ಬರೇ, 102 ಗಳಿಸಿದ ಯಾರೊಮಿರ್ ಯಾಗರ್. ಲೀಗ್‌ನ ಫಾರ್ವರ್ಡ್‌ಗಳೆಲ್ಲ ಒಟ್ಟಾಗಿ ತ್ಯಾಗದ ದೀಕ್ಷೆ ತೊಟ್ಟಿದ್ದರು ಎಂದು ಯಾರೂ ಹೇಳುವುದಿಲ್ಲ.

ಜೊತೆಗೆ ದೇಹವೂ ಇದೆ. 1988ರ ಮಾರ್ಚ್‌ನಲ್ಲಿ, ಆ ಋತುವಿನ ಐವತ್ತನೆಯ ಗೋಲು ಹೊಡೆದ ರಾತ್ರಿಯೇ, ಐಜರ್‌ಮನ್ ಗೋಲು ಕಂಬಕ್ಕೆ ಅಪ್ಪಳಿಸಿ ಮೊಣಕಾಲು ಕೆಡಿಸಿಕೊಂಡರು. 1994ರಲ್ಲಿ ಕುತ್ತಿಗೆಯ ಡಿಸ್ಕ್‌ಗೆ ಶಸ್ತ್ರಚಿಕಿತ್ಸೆಯಾಯಿತು. ಮೂವತ್ತು ದಾಟಿದ, ಕತ್ತಿಗೆ ಕುತ್ತಿಗೆ ಕೊಟ್ಟು ಬಂದ ಆಟಗಾರ ಇಪ್ಪತ್ತಮೂರರ ಹರೆಯದವನಂತೆ ಆಡಲಿಲ್ಲ ಎಂಬುದಕ್ಕೆ ನೀತಿಕಥೆಯ ಅಗತ್ಯವಿಲ್ಲ.

ಗೋಲು ಹೊಡೆಯುವ ನಾಯಕನಿಂದ ಕಪ್ ಬರುವುದಿಲ್ಲ ಎಂಬ ತರ್ಕವನ್ನು ಎಡ್ಮಂಟನ್ ಆಗಲೇ ಸುಳ್ಳಾಗಿಸಿತ್ತು. ಗ್ರೆಟ್ಸ್ಕಿ ನಾಯಕರಾಗಿ ನಾಲ್ಕು ಕಪ್ ಎತ್ತಿದರು; ಅವುಗಳಲ್ಲಿ ಎರಡು ಬಂದದ್ದು ಅವರು ಇನ್ನೂರಕ್ಕಿಂತ ಹೆಚ್ಚು ಅಂಕ ಗಳಿಸಿದ ವರ್ಷಗಳಲ್ಲಿ. ಬೋಮನ್ ಅವರದೇ ಸಾಕ್ಷಿ ಇದಕ್ಕಿಂತ ಬಲವಾದದ್ದು. 1992ರಲ್ಲಿ ಅವರು ಪಿಟ್ಸ್‌ಬರ್ಗ್‌ಗೆ ಕಪ್ ಗೆದ್ದುಕೊಟ್ಟಾಗ ನಾಯಕರಾಗಿದ್ದ ಲೆಮ್ಯೂ 131 ಅಂಕಗಳೊಂದಿಗೆ ಲೀಗ್‌ನಲ್ಲೇ ಮೊದಲಿಗರು. ಅಂಕ ಕಡಿಮೆ ಮಾಡಿಕೊಂಡು ದೊಡ್ಡವರಾಗಿ ಎಂದು ಲೆಮ್ಯೂಗೆ ಯಾರೂ ಉಪದೇಶಿಸಲಿಲ್ಲ. ಲೆಮ್ಯೂ ಮತ್ತು ಐಜರ್‌ಮನ್ ನಡುವಿನ ವ್ಯತ್ಯಾಸವಿದ್ದದ್ದು ಅವರ ಅಕ್ಕಪಕ್ಕ ಆಡಿದವರಲ್ಲಿ.

ಐಜರ್‌ಮನ್ ಪಕ್ಕದಲ್ಲಿ ಯಾರಿದ್ದರು? 1985-86ರಲ್ಲಿ ರೆಡ್ ವಿಂಗ್ಸ್ 80 ಪಂದ್ಯಗಳಲ್ಲಿ ಗೆದ್ದದ್ದು 17. ಲೀಗ್‌ನಲ್ಲಿ ಕೊನೆಯ ಸ್ಥಾನ. ಮರು ಋತುವಿಗೆ ಕೋಚ್ ಆಗಿ ಬಂದ ಜಾಕ್ ಡೆಮರ್ಸ್ ಆ ತಂಡದ ನಾಯಕತ್ವವನ್ನು 21 ವರ್ಷದ ಹುಡುಗನ ಕೈಗಿಟ್ಟರು. ಮುಂದಿನ ಎರಡು ವರ್ಷವೂ ತಂಡ ಕಾನ್ಫರೆನ್ಸ್ ಫೈನಲ್‌ವರೆಗೆ ಹೋಗಿ ಗ್ರೆಟ್ಸ್ಕಿಯ ಎಡ್ಮಂಟನ್‌ಗೆ ಸೋತಿತು. 155 ಅಂಕಗಳ ವರ್ಷದಲ್ಲಿ ತಂಡ 34 ಗೆದ್ದು 34 ಸೋತಿತು. ಪಂದ್ಯಕ್ಕೆ ಹತ್ತಿರಹತ್ತಿರ ನಾಲ್ಕು ಗೋಲು ಬಿಟ್ಟುಕೊಡುತ್ತಿತ್ತು. ಅಂಥ ತಂಡದಲ್ಲಿ ಗೋಲು ಹೊಡೆಯುವುದೇ ನಾಯಕನ ಮೊದಲ ಕರ್ತವ್ಯ. ಐಜರ್‌ಮನ್ ಅದನ್ನು ಮಾಡದಿದ್ದರೆ ಮಾಡುವವರು ಇನ್ನೊಬ್ಬರಿರಲಿಲ್ಲ. ಅವರಿಗೆ ರಕ್ಷಣೆಯ ಹೊಣೆ ಗೊತ್ತೇ ಇರಲಿಲ್ಲ ಎಂಬುದೂ ನಿಜವಲ್ಲ. ತನ್ನ ಕಡೆಯ ಒಬ್ಬ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತಿರುವಾಗ, ಅಂದರೆ ತಂಡ ಉಸಿರುಗಟ್ಟಿ ತಡೆಯುತ್ತಿರುವಾಗ, ಹೊಡೆದ ಗೋಲುಗಳು ಅವರ ವೃತ್ತಿಜೀವನದಲ್ಲಿ 50. ಅದರಲ್ಲಿ ದೊಡ್ಡ ಪಾಲು ಬೋಮನ್ ಬರುವ ಮೊದಲಿನದು.

ಕಪ್‌ಗಳು ಎಲ್ಲಿಂದ ಬಂದವು ಎಂಬುದಕ್ಕೆ ನನ್ನ ಉತ್ತರ 1989ರ ಡ್ರಾಫ್ಟ್, ಅಂದರೆ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಪ್ರಕ್ರಿಯೆ. ಆ ಒಂದೇ ದಿನದಲ್ಲಿ ತಂಡದ ಜನರಲ್ ಮ್ಯಾನೇಜರ್ ಜಿಮ್ ಡೆವೆಲಾನೊ ಅವರ ಆಡಳಿತ ಮೂರನೆಯ ಸುತ್ತಿನಲ್ಲಿ ನಿಕ್ಲಾಸ್ ಲಿಡ್‌ಸ್ಟ್ರೋಮ್, ನಾಲ್ಕನೆಯದರಲ್ಲಿ ಸೆರ್ಗೈ ಫೆಡೊರೊವ್, ಹನ್ನೊಂದನೆಯದರಲ್ಲಿ ವ್ಲಾದಿಮಿರ್ ಕಾನ್‌ಸ್ಟಾಂಟಿನೊವ್ ಅವರನ್ನು ಆರಿಸಿತು. ಸೋವಿಯತ್ ಆಟಗಾರರು ಅಮೆರಿಕಕ್ಕೆ ಬರುತ್ತಾರೋ ಇಲ್ಲವೋ ಎಂಬ ಕಾಲದಲ್ಲಿ ತೆಗೆದುಕೊಂಡ ಧೈರ್ಯದ ತೀರ್ಮಾನ ಅದು. 1995ರ ಅಕ್ಟೋಬರ್‌ನಲ್ಲಿ ಬೋಮನ್ ಫೆಡೊರೊವ್, ಲಾರಿಯೊನೊವ್, ಕಾಜ್ಲೊವ್, ಫೆಟಿಸೊವ್, ಕಾನ್‌ಸ್ಟಾಂಟಿನೊವ್ ಎಂಬ ಐವರು ರಷ್ಯನ್ ಆಟಗಾರರನ್ನು ಒಟ್ಟಿಗೆ ಐಸ್‌ಗೆ ಇಳಿಸಿದರು. ಆ ಋತುವಿನಲ್ಲಿ ತಂಡ 62 ಪಂದ್ಯ ಗೆದ್ದು ಆಗಿನ ದಾಖಲೆ ಬರೆಯಿತು. ಫೆಡೊರೊವ್ ಅವರ ಒಂದು ವರ್ಷವಂತೂ ತ್ಯಾಗದ ವಾದದ ಬುಡಕ್ಕೇ ಕೊಡಲಿ ಹಾಕುತ್ತದೆ. 1993-94ರಲ್ಲಿ, ಇದೇ ಬೋಮನ್ ಕೈಕೆಳಗೆ, ಅವರು 120 ಅಂಕ ಗಳಿಸಿ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿಯನ್ನೂ, ರಕ್ಷಣೆಯಲ್ಲಿ ಅತ್ಯುತ್ತಮ ಫಾರ್ವರ್ಡ್‌ಗೆ ಸಲ್ಲುವ ಸೆಲ್ಕೆ ಟ್ರೋಫಿಯನ್ನೂ ಒಟ್ಟಿಗೆ ಪಡೆದರು. ಒಂದನ್ನು ಕೊಟ್ಟೇ ಇನ್ನೊಂದನ್ನು ಕೊಳ್ಳಬೇಕು ಎಂಬ ನಿಯಮವೇ ಇರಲಿಲ್ಲ. ಹೀಗಿದ್ದೂ ಜನಪ್ರಿಯ ಕಥನದಲ್ಲಿ ಫೆಡೊರೊವ್ ಪೋಷಕ ಪಾತ್ರಕ್ಕೆ ಇಳಿದಿದ್ದಾರೆ. ಯುರೋಪಿನ ಆಟಗಾರರು ಮೆತ್ತಗಿನವರು ಎಂಬ ಪೂರ್ವಗ್ರಹ ಆಗಿನ ಉತ್ತರ ಅಮೆರಿಕದ ಹಾಕಿ ಮಾತುಕತೆಯಲ್ಲಿ ರಾಜಾರೋಷವಾಗಿ ಓಡಾಡುತ್ತಿತ್ತು. ಕೆನಡಾದ ನಾಯಕನ ಆತ್ಮತ್ಯಾಗ ಆ ಕಿವಿಗಳಿಗೆ ಹೆಚ್ಚು ಹಿತವಾಗಿತ್ತು ಎಂದೇ ನನ್ನ ಅಭಿಪ್ರಾಯ.

ಇದಕ್ಕೆ ಎದುರು ವಾದವಿದೆ, ಅದು ಹಗುರವಾದದ್ದೂ ಅಲ್ಲ. ಐಜರ್‌ಮನ್ ಆಟ ಬದಲಾದದ್ದು ನಿಜ. ಅವರು ತಮ್ಮ ಗೋಲಿನ ಹತ್ತಿರಕ್ಕೆ ಇಳಿದು ಆಡತೊಡಗಿದರು, ಪಕ್‌ಗೆ ಮೈಯೊಡ್ಡಿದರು, 2000ದಲ್ಲಿ ಸೆಲ್ಕೆ ಟ್ರೋಫಿ ಪಡೆದರು. ಬೋಮನ್ ಒತ್ತಡವೂ ನಿಜ. 1995ರ ಶರತ್ಕಾಲದಲ್ಲಿ ಐಜರ್‌ಮನ್ ಅವರನ್ನು ಒಟ್ಟಾವಾ ತಂಡಕ್ಕೆ ಬಿಟ್ಟುಕೊಡುವ ಮಾತು ಎಷ್ಟು ದಟ್ಟವಾಗಿತ್ತೆಂದರೆ, ಡೆಟ್ರಾಯಿಟ್‌ನ ಜೋ ಲೂಯಿಸ್ ಅರೀನಾದಲ್ಲಿ ಪ್ರೇಕ್ಷಕರು ಎದ್ದುನಿಂತು ದೀರ್ಘ ಚಪ್ಪಾಳೆಯಿಂದ ಉತ್ತರ ಕೊಟ್ಟರು. ಇಷ್ಟನ್ನೂ ಒಪ್ಪುತ್ತೇನೆ. ಆದರೆ ಭಾರ ಹಂಚಿಕೊಳ್ಳಲು ಫೆಡೊರೊವ್, ಲಿಡ್‌ಸ್ಟ್ರೋಮ್ ಮತ್ತು ಫಾರ್ವರ್ಡ್ ಶಾನಹನ್ ಬಂದ ಮೇಲಷ್ಟೇ ಅವರು ಹಾಗೆ ಆಡುವುದು ಸಾಧ್ಯವಾಯಿತು. ಕಪ್ ಕೈಗೆಟುಕುವ ಹಂತದಲ್ಲಿ ಅವರು ಅಂಕ ಗಳಿಸುವುದನ್ನು ಬಿಡಲೂ ಇಲ್ಲ. 1998ರ ಪ್ಲೇ ಆಫ್‌ನಲ್ಲಿ 22 ಪಂದ್ಯಗಳಿಂದ 24 ಅಂಕ, ಎಲ್ಲ ತಂಡಗಳ ಆಟಗಾರರಿಗಿಂತ ಹೆಚ್ಚು. ಪ್ಲೇ ಆಫ್‌ನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಕಾನ್ ಸ್ಮೈತ್ ಟ್ರೋಫಿ ಸಂದದ್ದೂ ಅವರಿಗೇ. 2002ರಲ್ಲಿ ಮೊದಲ ಸುತ್ತಿನಲ್ಲೇ ವ್ಯಾಂಕೂವರ್ ಎದುರು ಎರಡು ಪಂದ್ಯ ಸೋತು ಕಂಗೆಟ್ಟ ತಂಡವನ್ನು ಎತ್ತಿ ನಿಲ್ಲಿಸಿದ್ದು ಐಜರ್‌ಮನ್. ನೆಟ್ಟಗೆ ನಿಲ್ಲಲಾಗದ ಮೊಣಕಾಲಿನಲ್ಲಿ ಅವರು 23 ಪಂದ್ಯಗಳಿಂದ 23 ಅಂಕ ಗಳಿಸಿದರು. ಕಪ್ ಗೆದ್ದ ಮೇಲೆ ಆ ಕಾಲಿನ ಎಲುಬನ್ನೇ ಕೊಯ್ದು ನೇರಮಾಡುವ ಶಸ್ತ್ರಚಿಕಿತ್ಸೆ ಬೇಕಾಯಿತು.

ಅವರ ನಾಯಕತ್ವದ ಹಿರಿಮೆಗೆ ನನಗೆ ಬೇರೆ ಪುರಾವೆಗಳಿವೆ. 1997ರ ಕಪ್ ಬಂದ ಆರೇ ದಿನಕ್ಕೆ ಲಿಮೊಸಿನ್ ಅಪಘಾತದಲ್ಲಿ ಕಾನ್‌ಸ್ಟಾಂಟಿನೊವ್ ಅವರ ಆಟವೇ ಮುಗಿಯಿತು. ಮರುವರ್ಷ ವಾಷಿಂಗ್‌ಟನ್‌ನಲ್ಲಿ ಮತ್ತೆ ಕಪ್ ಗೆದ್ದಾಗ ಐಜರ್‌ಮನ್ ಅದನ್ನು ಮೊದಲು ಇಟ್ಟದ್ದು ಗಾಲಿಕುರ್ಚಿಯಲ್ಲಿದ್ದ ಆ ಗೆಳೆಯನ ಮಡಿಲಲ್ಲಿ. 1986ರಿಂದ 2006ರ ನಿವೃತ್ತಿಯವರೆಗೆ ಒಂದೇ ತಂಡದ ನಾಯಕರಾಗಿ ಉಳಿದದ್ದು ಲೀಗ್‌ನ ದಾಖಲೆ. ಆ ಅವಧಿಯ ಮೊದಲ ಅರ್ಧದಲ್ಲಿ ಸೋಲುಗಳ ಲೆಕ್ಕ ಒಪ್ಪಿಸಬೇಕಾದವರೂ ಅವರೇ.

ಐಜರ್‌ಮನ್ ಬಗ್ಗೆ ಮುಂದೆ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೆ. 1988-89ರ ಆ 155 ಅಂಕಗಳನ್ನು ಪ್ರಾಯಶ್ಚಿತ್ತಕ್ಕೆ ಮೊದಲಿನ ಪಾಪವೆಂದು ಬರೆಯಬೇಡಿ. 1998 ಮತ್ತು 2002ರ ಪಕ್ಕದಲ್ಲಿ, ಅದೇ ಸಾಲಿನಲ್ಲಿ ಇಡಿ.