ಫೇಸರ್ ವಿಧಾನ: ಶಕ್ತಿ ಮತ್ತು ಮಿತಿ

ವಿದ್ಯುತ್ ಮಂಡಲಗಳ ಲೆಕ್ಕಾಚಾರವೆಲ್ಲ ನಿಂತಿರುವುದು ಕೆಲವೇ ನಿಯಮಗಳ ಮೇಲೆ. ವೋಲ್ಟೇಜ್, ಕರೆಂಟ್, ರೋಧಗಳ ಸಂಬಂಧವನ್ನು ಹೇಳುವ ಓಮ್‌ನ ನಿಯಮ 1827ರಲ್ಲಿ ಪ್ರಕಟವಾಯಿತು. 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಕಿರ್ಚಾಫ್ ತನ್ನ ಎರಡು ನಿಯಮಗಳನ್ನು ಕೊಟ್ಟ. ಸಂಧಿಗೆ ಬಂದಷ್ಟು ಕರೆಂಟ್ ಅಲ್ಲಿಂದ ಹೊರಹೋಗಬೇಕು. ಒಂದು ಸುತ್ತಿನಲ್ಲಿ ಏರಿದಷ್ಟು ವೋಲ್ಟೇಜ್ ಅದೇ ಸುತ್ತಿನಲ್ಲಿ ಇಳಿಯಬೇಕು. ಸ್ಥಿರಗೊಂಡ ರೇಖೀಯ ಡಿಸಿ ಮಂಡಲ ಎಷ್ಟೇ ಜಟಿಲವಾಗಿರಲಿ, ಅದನ್ನು ಬಿಡಿಸಲು ಈ ಮೂರು ನಿಯಮ ಮತ್ತು ಕೂಡು-ಕಳೆ-ಗುಣಿಸು-ಭಾಗಿಸು ಗೊತ್ತಿದ್ದರೆ ಸಾಕು. 1883ರ ತೆವೆನಿನ್ ಪ್ರಮೇಯ ಈ ಶ್ರಮವನ್ನು ಇನ್ನಷ್ಟು ಕಡಿಮೆ ಮಾಡಿತು.

ಎಸಿಯಲ್ಲಿ ಇದೇ ಲೆಕ್ಕ ಮೇಲ್ನೋಟಕ್ಕೆ ಕೈಕೊಡುತ್ತದೆ. 30 ಓಮ್ ರೋಧ ಮತ್ತು 0.127 ಹೆನ್ರಿ ಸುರುಳಿಯನ್ನು ಸರಣಿಯಲ್ಲಿ ಜೋಡಿಸಿ, 230 ವೋಲ್ಟ್, 50 ಹರ್ಟ್ಜ್ ಪೂರೈಕೆಗೆ ಕೊಟ್ಟರೆ, ವೋಲ್ಟ್‌ಮೀಟರ್ ರೋಧದ ತುದಿಗಳಲ್ಲಿ 138, ಸುರುಳಿಯ ತುದಿಗಳಲ್ಲಿ 184 ವೋಲ್ಟ್ ತೋರಿಸುತ್ತದೆ. ಕೂಡಿದರೆ 322, ಪೂರೈಕೆ 230 ಮಾತ್ರ. ಕಿರ್ಚಾಫ್‌ನ ನಿಯಮ ಇಲ್ಲಿಯೂ ಪ್ರತಿ ಕ್ಷಣಕ್ಕೆ ಸರಿಯಾಗಿಯೇ ಇದೆ. ಆದರೆ ಎರಡು ವೋಲ್ಟೇಜ್‌ಗಳು ಒಂದೇ ಕ್ಷಣದಲ್ಲಿ ತುದಿ ಮುಟ್ಟುವುದಿಲ್ಲ. ಸುರುಳಿಯದು 90 ಡಿಗ್ರಿ ಮುಂದಿರುತ್ತದೆ. ಮೀಟರ್ ಅಳತೆಯನ್ನಷ್ಟೇ ಹೇಳುತ್ತದೆ, ಕೋನವನ್ನು ಹೇಳುವುದಿಲ್ಲ.

ಈ ತೊಡಕಿಗೆ ಅಚ್ಚುಕಟ್ಟಾದ ಪರಿಹಾರ ಕೊಟ್ಟವನು ಚಾರ್ಲ್ಸ್ ಸ್ಟೈನ್‌ಮೆಟ್ಜ್. 1893ರಲ್ಲಿ ಷಿಕಾಗೋದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನಕ್ಕಾಗಿ ಬರೆದ ಪ್ರಬಂಧದಲ್ಲಿ ಆತ ಎಸಿ ಪರಿಮಾಣಗಳನ್ನು ಸಂಕೀರ್ಣ ಸಂಖ್ಯೆಗಳಾಗಿ ಬರೆಯುವ ಕ್ರಮವನ್ನು ವಿವರಿಸಿದ. ಅಳತೆ, ಕೋನ ಎರಡನ್ನೂ ಒಟ್ಟಿಗೆ ಹಿಡಿದಿಡುವ ಇಂಥ ಸಂಖ್ಯೆಯೇ ಫೇಸರ್. ಹೆವಿಸೈಡ್ ಮತ್ತು ಕೆನೆಲಿಯವರ ಕೆಲಸವೂ ಇದೇ ದಾರಿಯಲ್ಲಿತ್ತು. ಮೇಲಿನ ಸುರುಳಿಯ ರಿಯಾಕ್ಟೆನ್ಸ್ 40 ಓಮ್. ಇಂಪೀಡೆನ್ಸ್ 30 + ಜೆ40, ಅಂದರೆ 50 ಓಮ್, 53 ಡಿಗ್ರಿ. ಹಾಗಾಗಿ ಕರೆಂಟ್ 4.6 ಆಂಪಿಯರ್. ಅವಕಲ ಸಮೀಕರಣ ಬೇಡುತ್ತಿದ್ದ ಪ್ರಶ್ನೆ ಒಂದು ಭಾಗಾಕಾರಕ್ಕೆ ಇಳಿಯಿತು. ಈ ವಿಧಾನದ ನಿಜವಾದ ಹಿರಿಮೆ ವೇಗಕ್ಕಿಂತ ದೊಡ್ಡದು: ಓಮ್, ಕಿರ್ಚಾಫ್, ತೆವೆನಿನ್ ನಿಯಮಗಳು ಯಾವ ತಿದ್ದುಪಡಿಯೂ ಇಲ್ಲದೆ ಎಸಿಗೂ ಅನ್ವಯವಾದವು.

ಕೋನ ಕೈಗೆ ಸಿಕ್ಕಿದ್ದರಿಂದ ಪವರ್ ಫ್ಯಾಕ್ಟರ್ ಕೂಡ ಸ್ಪಷ್ಟವಾಗುತ್ತದೆ. ಈ ಮಂಡಲ ಪಡೆಯುವುದು 1058 ವೋಲ್ಟ್-ಆಂಪಿಯರ್. ಶಾಖವಾಗಿ ಬಳಕೆಯಾಗುವುದು ಸುಮಾರು 635 ವಾಟ್. ಪವರ್ ಫ್ಯಾಕ್ಟರ್ 0.6. ಪೂರೈಕೆಗೆ ಅಡ್ಡಲಾಗಿ ಸುಮಾರು 51 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಲೈನಿನ ಕರೆಂಟ್ 4.6ರಿಂದ 2.76 ಆಂಪಿಯರ್‌ಗೆ ಇಳಿಯುತ್ತದೆ. ಪಡೆದ ಕೆಲಸ ಅಷ್ಟೇ, ತಂತಿಯಲ್ಲಿನ ನಷ್ಟ ಮಾತ್ರ ಕಡಿಮೆ. ಕಾರ್ಖಾನೆಗಳಲ್ಲಿ ಕೆಪಾಸಿಟರ್ ಬ್ಯಾಂಕ್ ಇಡುವುದು ಇದೇ ಕಾರಣಕ್ಕೆ.

ಮಿತಿಗಳೂ ಅಷ್ಟೇ ಖಚಿತ. ಒಂದು, ಫೇಸರ್ ಒಂದೇ ಫ್ರೀಕ್ವೆನ್ಸಿಗೆ ಕಟ್ಟುಬಿದ್ದದ್ದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ 25 ಹರ್ಟ್ಜ್‌ನದು. ಇದೇ ಸುರುಳಿಗೆ ಆ ಲೈನಿನಲ್ಲಿ ರಿಯಾಕ್ಟೆನ್ಸ್ 20 ಓಮ್ ಮಾತ್ರ ಆಗುತ್ತಿತ್ತು. ಎರಡು, ಸ್ವಿಚ್ ಒತ್ತಿದ ಕೂಡಲೇ ಏನಾಗುತ್ತದೆಂದು ಅದು ಹೇಳಲಾರದು. ಈ ಉದಾಹರಣೆಯಲ್ಲಿ ಆರಂಭದ ಏರುಪೇರು ಹೆಚ್ಚುಕಡಿಮೆ ಒಂದು ಆವರ್ತದಲ್ಲಿ, ಅಂದರೆ 20 ಮಿಲಿಸೆಕೆಂಡಿನಲ್ಲಿ, ಅಡಗುತ್ತದೆ; ಆದರೆ ಬ್ರೇಕರ್ ಆಯ್ದುಕೊಳ್ಳುವವರಿಗೆ ಆ ಅವಧಿಯೇ ಮುಖ್ಯ. ಮೂರು, ಮಂಡಲ ರೇಖೀಯವಾಗಿರಬೇಕು. ಕಂಪ್ಯೂಟರ್ ಮತ್ತು ಎಲ್‌ಇಡಿ ದೀಪಗಳ ರೆಕ್ಟಿಫೈಯರ್‌ಗಳು ಕರೆಂಟನ್ನು ತುಂಡು ತುಂಡಾಗಿ ಎಳೆಯುತ್ತವೆ; ಅದರಲ್ಲಿ 150, 250 ಹರ್ಟ್ಜ್ ಹಾರ್ಮೋನಿಕ್‌ಗಳೂ ಬೆರೆತಿರುತ್ತವೆ. ತ್ರೀ ಫೇಸ್ ವ್ಯವಸ್ಥೆಯಲ್ಲಿ 150 ಹರ್ಟ್ಜ್‌ನ ಕರೆಂಟ್‌ಗಳು ಒಂದನ್ನೊಂದು ರದ್ದುಮಾಡದೆ ನ್ಯೂಟ್ರಲ್ ತಂತಿಯಲ್ಲಿ ಒಟ್ಟುಗೂಡುತ್ತವೆ. 50 ಹರ್ಟ್ಜ್‌ನ ಫೇಸರ್ ಚಿತ್ರವೊಂದನ್ನೇ ನಂಬಿದವರಿಗೆ ಬಿಸಿಯಾದ ನ್ಯೂಟ್ರಲ್‌ನ ಕಾರಣ ತಿಳಿಯುವುದಿಲ್ಲ. ಪ್ರತಿ ಹಾರ್ಮೋನಿಕ್‌ಗೂ ಬೇರೆ ಲೆಕ್ಕ ಬೇಕು.

ಈ ಮಿತಿಗಳನ್ನು ಮರೆತು ಎಡವುವ ದೋಷ ವಿಧಾನದ್ದಲ್ಲ, ಷರತ್ತುಗಳನ್ನು ಬಿಟ್ಟು ಸೂತ್ರವನ್ನಷ್ಟೇ ಕಲಿಸುವ ರೂಢಿಯದು. ಕಾಲದೊಂದಿಗೆ ಬದಲಾಗುವ ವೋಲ್ಟೇಜ್ ಅಲೆಯನ್ನು ಮೊದಲು ಬರೆಸಿ, ಅದರಿಂದ ಫೇಸರ್ ಹುಟ್ಟುವ ಬಗೆಯನ್ನು ತೋರಿಸಿದರೆ ಷರತ್ತುಗಳು ತಾವಾಗಿಯೇ ಮನಸ್ಸಿನಲ್ಲಿ ಉಳಿಯುತ್ತವೆ. ಒಂದೇ ಫ್ರೀಕ್ವೆನ್ಸಿ, ಸ್ಥಿರ ಸ್ಥಿತಿ, ರೇಖೀಯ ಮಂಡಲ ಎಂಬ ಮೂರು ಷರತ್ತುಗಳೊಳಗೆ ಫೇಸರ್‌ಗಿಂತ ಸರಳವೂ ನಂಬಿಕಸ್ಥವೂ ಆದ ಸಾಧನ ಎಸಿ ಲೆಕ್ಕಾಚಾರದಲ್ಲಿ ಇನ್ನೊಂದಿಲ್ಲ.