ಅಳಿಸಿದ ವಾಕ್ಯ, ಕೊಡದ ಉತ್ತರ

2001ರ ಅಕ್ಟೋಬರ್ ತಿಂಗಳಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು ತನ್ನ ಶಾಲೆಗಳಿಗೆ ಒಂದು ಸುತ್ತೋಲೆಯನ್ನು ಕಳುಹಿಸಿತು. ಎನ್.ಸಿ.ಇ.ಆರ್.ಟಿ. ಪ್ರಕಟಿಸಿದ್ದ ಇತಿಹಾಸ ಪಠ್ಯಗಳ ಕೆಲವು ಭಾಗಗಳನ್ನು ಬೋಧಿಸಬಾರದೆಂಬುದು ಅದರ ಸಾರ. ರೊಮಿಲಾ ಥಾಪರ್, ಸತೀಶ್ ಚಂದ್ರ ಮೊದಲಾದವರ ಪುಸ್ತಕಗಳೊಡನೆ ರಾಮಶರಣ ಶರ್ಮರ 'ಪ್ರಾಚೀನ ಭಾರತ'ವೂ ಆ ಪಟ್ಟಿಯಲ್ಲಿತ್ತು. ಶರ್ಮರ ಪುಸ್ತಕದಿಂದ ತೆಗೆದ ಭಾಗಗಳಲ್ಲೊಂದು ನಮ್ಮ ತೀರ್ಥಂಕರ ಪರಂಪರೆಗೆ ಸಂಬಂಧಿಸಿದುದು. ತೀರ್ಥಂಕರರ ಕಥನವನ್ನು ಜೈನಧರ್ಮಕ್ಕೆ ಪ್ರಾಚೀನತೆ ತಂದುಕೊಡಲು ರೂಪಿಸಿದಂತೆ ತೋರುತ್ತದೆಂಬುದು ಅಲ್ಲಿನ ಅಭಿಪ್ರಾಯ.

ಬೆಳಿಗ್ಗೆ ಬಸದಿಯಲ್ಲಿ ಆದಿನಾಥ ಸ್ವಾಮಿಗೆ ಕೈಮುಗಿದು ಶಾಲೆಗೆ ಹೋದ ಬಾಲಕನು ಮಧ್ಯಾಹ್ನ ಇದನ್ನು ಓದಿ ನೊಂದುಕೊಂಡರೆ ಸಹಜ. ಸುತ್ತೋಲೆಯಿಂದ ನ್ಯಾಯ ದೊರಕಿತೆಂದು ಶ್ರಾವಕರಿಗೆ ಅನ್ನಿಸಿದರೂ ಆಶ್ಚರ್ಯವಿಲ್ಲ. ಆದರೆ ಆ ವಾಕ್ಯದ ದೋಷವಾದರೂ ಏನು? ವೃಷಭನಾಥರ ಕಾಲಕ್ಕೆ ಐತಿಹಾಸಿಕ ಆಧಾರ ದೊರೆತಿಲ್ಲವೆಂದು ಇತಿಹಾಸಕಾರನು ಹೇಳಿದರೆ ಅದು ಅವನ ಶಾಸ್ತ್ರದ ಮಿತಿಯೊಳಗಿನ ಮಾತು. ಅದಕ್ಕೆ ನಾವು ಸಿಡುಕಬೇಕಾಗಿಲ್ಲ. ಆಧಾರವಿಲ್ಲವೆಂಬುದರಿಂದ, ಇಂಥ ಉದ್ದೇಶಕ್ಕಾಗಿಯೇ ಕಟ್ಟಿದರೆಂಬಲ್ಲಿಗೆ ಜಿಗಿಯುವುದು ಬೇರೆ. ಉದ್ದೇಶವನ್ನು ಆರೋಪಿಸುವವನು ಅದಕ್ಕೂ ಆಧಾರ ಕೊಡಬೇಕು. ಅಲ್ಲದೆ ಆ ಪರಂಪರೆಯಲ್ಲಿ ಪಾರ್ಶ್ವನಾಥರೂ ಇದ್ದಾರೆ. ಬೌದ್ಧರ ಪಾಲಿ ಗ್ರಂಥವು ನಿಗಂಠ ನಾತಪುತ್ತನ ಹೆಸರಿನಲ್ಲಿ ಹೇಳುವ ಚಾತುರ್ಯಾಮವು ವಾಸ್ತವವಾಗಿ ಪಾರ್ಶ್ವರದೆಂದೂ, ಆದುದರಿಂದ ನಿರ್ಗ್ರಂಥರು ಮಹಾವೀರರಿಗಿಂತ ಹಿಂದಿನವರೆಂದೂ ಹರ್ಮನ್ ಯಾಕೋಬಿ 19ನೆಯ ಶತಮಾನದಲ್ಲಿಯೇ ವಾದಿಸಿದ್ದರು. ಪರಮತದ ಗ್ರಂಥದಿಂದಲೇ ದೊರೆತ ಸಾಕ್ಷ್ಯವಿದು! ಆದರೂ ಮಹಾವೀರರನ್ನು ಜೈನಧರ್ಮದ ಸ್ಥಾಪಕರೆಂದು ಬರೆದ ಶಾಲಾಪುಸ್ತಕಗಳೆಷ್ಟೋ.

ಈ ಉತ್ತರವು ವಿದ್ಯಾರ್ಥಿಗೆ ತಲುಪಬೇಕಾಗಿತ್ತು. ಅಧಿಕಾರವು ಪ್ರಶ್ನೆಯನ್ನೇ ಅಳಿಸಿತು, ಅದರ ಸ್ಥಾನದಲ್ಲಿ ಏನನ್ನೂ ಇಡಲಿಲ್ಲ. ಮಕ್ಕಳ ಪಾಲಿಗೆ ಶರ್ಮರ ಸಂದೇಹವೂ ಇಲ್ಲ, ಯಾಕೋಬಿಯ ಸಮಾಧಾನವೂ ಇಲ್ಲ.

ನಮ್ಮ ಆಚಾರ್ಯರ ದಾರಿ ಹೀಗಿರಲಿಲ್ಲ. ಸಮಂತಭದ್ರಸ್ವಾಮಿಗಳು 'ಆಪ್ತಮೀಮಾಂಸೆ'ಯನ್ನು ಆರಂಭಿಸುವಾಗ ದೇವತೆಗಳ ಆಗಮನ, ಆಕಾಶಗಮನ, ಚಾಮರ ಮುಂತಾದ ವೈಭವವನ್ನು ಜಿನನ ಹಿರಿಮೆಗೆ ಪ್ರಮಾಣವೆಂದು ಸ್ವೀಕರಿಸುವುದಿಲ್ಲ. ಅವು ಮಾಯಾವಿಗಳಲ್ಲಿಯೂ ಕಾಣುತ್ತವೆ ಎನ್ನುತ್ತಾರೆ. ಆರಾಧ್ಯನನ್ನೇ ಪರೀಕ್ಷೆಗೆ ಒಡ್ಡಿದ ಪರಂಪರೆಯು ಹನ್ನೊಂದನೆಯ ತರಗತಿಯ ಪುಸ್ತಕದ ಒಂದು ಕಂಡಿಕೆಗೆ ಅಂಜುವುದೆ?

ಶ್ರವಣಬೆಳಗೊಳದ ವಿಷಯದಲ್ಲಿಯೂ ಇಂಥದೇ ಸಂದೇಹವೆದ್ದಿತ್ತು. ಭದ್ರಬಾಹು ಮುನಿಗಳೊಡನೆ ಮೌರ್ಯ ಚಂದ್ರಗುಪ್ತನು ಅಲ್ಲಿಗೆ ಬಂದನೆಂಬುದನ್ನು ಬಿ.ಎಲ್. ರೈಸ್ ಒಪ್ಪಿದರು, ಜೆ.ಎಫ್. ಫ್ಲೀಟ್ ಒಪ್ಪಲಿಲ್ಲ. ಚಂದ್ರಗಿರಿಯ ಸುಮಾರು ಕ್ರಿ.ಶ. 600ರ ಶಾಸನದಲ್ಲಿರುವ ಭದ್ರಬಾಹು ಬೇರೆಯವರೆಂಬುದು ಫ್ಲೀಟರ ವಾದ. ಫ್ಲೀಟರ ಬಾಯಿ ಮುಚ್ಚಿಸಿರೆಂದು ಯಾರೂ ಸುತ್ತೋಲೆ ಹೊರಡಿಸಲಿಲ್ಲ. 1889ರಲ್ಲಿ ರೈಸ್ ಪ್ರಕಟಿಸಿದ್ದು 144 ಶಾಸನಗಳು. 1923ರ ಪರಿಷ್ಕೃತ ಆವೃತ್ತಿಯಲ್ಲಿ ಆರ್. ನರಸಿಂಹಾಚಾರ್ಯರು ಕೊಟ್ಟದ್ದು 500. ಅವರು ಉಭಯಪಕ್ಷಗಳನ್ನೂ ತೂಗಿ, ಐತಿಹ್ಯಕ್ಕೆ ಸ್ವಲ್ಪ ಆಧಾರವುಂಟೆಂದು ಅಳತೆಯ ಮಾತಿನಲ್ಲಿ ಹೇಳಿದರು. ಆ ಅಳತೆಯಿಂದಲೇ ಆ ಮಾತಿಗೆ ಇಂದಿಗೂ ಬೆಲೆ ಉಳಿದಿದೆ.

ಸರ್ಕಾರದ ಕತ್ತರಿಯನ್ನು ನೆಚ್ಚಿದವರ ಗತಿಯನ್ನು ಕಂಡಿದ್ದೇವೆ. 2004ರಲ್ಲಿ ಕೇಂದ್ರದಲ್ಲಿ ಪಕ್ಷ ಬದಲಾಯಿತು, ಪಠ್ಯಗಳೂ ಬದಲಾದವು. ನಮ್ಮ ರಾಜ್ಯದಲ್ಲಿ 2022ರಲ್ಲಿ ಹತ್ತನೆಯ ತರಗತಿಯ ಕನ್ನಡ ಪಠ್ಯಕ್ಕೆ ಸೇರಿಸಿದ ಹೆಡಗೇವಾರರ ಬರಹವನ್ನು 2023ರಲ್ಲಿ ಬಂದ ಸರ್ಕಾರವು ಕೈಬಿಟ್ಟಿತು. ಇಂದು ನಮ್ಮ ಪರವಾಗಿ ಒಂದು ಕಂಡಿಕೆಯನ್ನು ತೆಗೆದ ಕೈ ನಾಳೆ ಗೊಮ್ಮಟೇಶ್ವರನ ಪಾಠವನ್ನೂ ತೆಗೆಯಬಲ್ಲದು. ಆಗ ನಾವು ಯಾವ ನ್ಯಾಯವನ್ನು ಮುಂದಿಡೋಣ?

ಬಸದಿಗಳ ಟ್ರಸ್ಟುಗಳು ಪಠ್ಯಸಮಿತಿಗೆ ಮನವಿ ಸಲ್ಲಿಸುವಾಗ 'ಭಾವನೆಗೆ ಧಕ್ಕೆ' ಎಂಬ ಎರಡು ಪದಗಳಲ್ಲಿ ಮುಗಿಸದೆ, ದೋಷವೆಲ್ಲಿದೆ, ಆಧಾರವಾವುದು, ಬದಲಿ ವಾಕ್ಯವೇನು ಎಂಬುದನ್ನು ವಿದ್ವಾಂಸರಿಂದ ಬರೆಯಿಸಿ ಲಗತ್ತಿಸಬಹುದು. ಶರ್ಮರ ಆ ಕಂಡಿಕೆಗೆ ಬದಲಿಯಾಗಿ ಇಷ್ಟು ಸಾಕಿತ್ತು: ಜೈನರು ವೃಷಭನಾಥರಿಂದ ಮಹಾವೀರರವರೆಗೆ 24 ತೀರ್ಥಂಕರರನ್ನು ನಂಬುತ್ತಾರೆ, ಪಾರ್ಶ್ವನಾಥರನ್ನೂ ಮಹಾವೀರರನ್ನೂ ಐತಿಹಾಸಿಕ ವ್ಯಕ್ತಿಗಳೆಂದು ಸಾಮಾನ್ಯವಾಗಿ ವಿದ್ವಾಂಸರು ಒಪ್ಪುತ್ತಾರೆ, ಉಳಿದವರ ಕಾಲವನ್ನು ಇತಿಹಾಸದ ಆಧಾರಗಳಿಂದ ನಿರ್ಣಯಿಸಲಾಗಿಲ್ಲ.